ಉಲ್ಟಾ ಮೊಳೆ ಓದಲು ಬಾರದ ಮಗಳು

ಆ ಪತ್ರ ಬಂದ ದಿನ ನಾನು ಮಾಡಬೇಕಿದ್ದದ್ದು ಎರಡು ನಿಮಿಷದ ಕೆಲಸ. ‘ಇದು ನನಗೆ ಬೇಕಾದವರ ವಿಷಯ, ನಾನು ಕೈ ಹಾಕುವುದು ಸರಿಯಲ್ಲ, ಬೇರೆ ಸಂಪಾದಕರು ನೋಡಲಿ’ ಎಂದು ಒಂದು ಸಾಲು ಬರೆದು ದಾಟಿಸಿಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಐದು ತಿಂಗಳು ತೆಗೆದುಕೊಂಡೆ.

ಬರೆದಿದ್ದವರು ತಾಲ್ಲೂಕು ಕೇಂದ್ರವೊಂದರ ಕಾಲೇಜಿನ ಯುವ ಉಪನ್ಯಾಸಕರು. ಎಂಟೇ ಸಾಲು. ನಮ್ಮ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದರ ಮೂರನೇ ಚಿತ್ರದ ಆಕ್ಟಿನ್ ಪಟ್ಟಿಗಳೂ ಐದನೇ ಚಿತ್ರದ ಆಕ್ಟಿನ್ ಪಟ್ಟಿಗಳೂ ಒಂದೇ ಎಂದು ಕಾಣುತ್ತದೆ, ಎಡಬಲ ಮಾತ್ರ ಅದಲುಬದಲಾಗಿದೆ, ದಯವಿಟ್ಟು ಪರಿಶೀಲಿಸಿ ಎಂದಿದ್ದರು.

ಆಕ್ಟಿನ್ ಎಂದರೆ ಏನು ಮಹಾ ಎನ್ನುವವರಿಗೆ: ಚಿಕ್ಕಪೇಟೆಯ ಅಂಗಡಿಯವನು ತೂಗುವ ಮೊದಲು ಖಾಲಿ ತಕ್ಕಡಿ ಎತ್ತಿ, ಎರಡೂ ತಟ್ಟೆ ಸಮ ಇವೆ ನೋಡಿ ಎನ್ನುತ್ತಿದ್ದನಲ್ಲ, ಅದೇ. ವೆಸ್ಟರ್ನ್ ಬ್ಲಾಟ್ ಎಂಬ ಪರೀಕ್ಷೆಯಲ್ಲಿ ಒಂದು ಪ್ರೋಟೀನು ಹೆಚ್ಚಾಯಿತು, ಕಡಿಮೆಯಾಯಿತು ಎಂದು ತೋರಿಸುವಾಗ, ಎಲ್ಲ ಸಾಲಿಗೂ ಸಮನಾಗಿ ಸುರಿದಿದ್ದೇವೆ ಎನ್ನುವುದಕ್ಕೆ ಸಾಕ್ಷಿ ಆಕ್ಟಿನ್. ಅದೇ ಬೇರೆ ಪ್ರಯೋಗದ್ದು ಎಂದಾದರೆ ಉಳಿದ ತೂಕವನ್ನೆಲ್ಲ ಯಾರು ನಂಬುತ್ತಾರೆ?

ಆ ಪ್ರಬಂಧವನ್ನು ಒಪ್ಪಿಕೊಂಡ ಸಂಪಾದಕಿ ನಾನು. ಅದು ಹೊರಬಂದ ಪ್ರಯೋಗಾಲಯ ಇದ್ದದ್ದು, ಹಗಲು ಹೊತ್ತು ನಾನು ಸಂಶೋಧನಾ ಅನುದಾನದ ಕಚೇರಿ ನೋಡಿಕೊಳ್ಳುತ್ತಿದ್ದ ಸಂಸ್ಥೆಯಲ್ಲೇ. ಎರಡು ದೋಣಿಯಲ್ಲಿ ಕಾಲಿಟ್ಟಿದ್ದೆ, ಆದರೂ ನೆಟ್ಟಗೆ ನಿಂತಿದ್ದೇನೆ ಎಂದುಕೊಂಡಿದ್ದೆ.

ಈ ಜಂಬಕ್ಕೆ ಅರ್ಧ ಕಾರಣ ನಮ್ಮಣ್ಣ. ನಾನು ಹದಿಮೂರು ವರ್ಷ ಪೈಪೆಟ್ ಹಿಡಿದು, ಕೊನೆಗೆ ಸ್ವಂತ ಪ್ರಯೋಗಾಲಯ ಸಿಗುವುದಿಲ್ಲ ಎಂದು ಖಚಿತವಾದ ಮೇಲೆ ಆಡಳಿತಕ್ಕೆ ಬಂದಾಗ, ಅವನು ಊಟಕ್ಕೆ ಕೂತಲ್ಲೇ “ಇಷ್ಟು ಓದಿ ಕೊನೆಗೆ ಗುಮಾಸ್ತಿಕೆ ಮಾಡ್ತೀಯಾ?” ಎಂದ. ಅಪ್ಪ ಮಾತಾಡಲಿಲ್ಲ. ನಾನು ಮಾತಾಡಿದೆ. ಇಲ್ಲೇ ನಡೆದು ಹೋಗುವ ದೂರದ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಕನ್ನಡದಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಡಿಸಲಿಲ್ಲವೇ? ಟಾಟಾ ಇನ್‌ಸ್ಟಿಟ್ಯೂಟಿನ ಪಿ. ಬಲರಾಮ್ 1995ರಿಂದ 2013ರವರೆಗೆ ‘ಕರೆಂಟ್ ಸೈನ್ಸ್’ ಸಂಪಾದಕರಾಗಿರಲಿಲ್ಲವೇ? ಅದರ ನಡುವೆಯೇ 2005ರಲ್ಲಿ ನಿರ್ದೇಶಕರೂ ಆಗಿ, ಅಣುಜೀವಭೌತ ವಿಭಾಗದ ತಮ್ಮ ಸಂಶೋಧನೆಯನ್ನೂ ಬಿಡದೆ ನಡೆಸಲಿಲ್ಲವೇ? ನಮ್ಮೂರಲ್ಲಿ ಇದೇನು ಹೊಸದಲ್ಲ ಕಣೋ ಎಂದೆ. ದೊಡ್ಡವರ ಹೆಸರು ಹೇಳಿ ವಾದ ಗೆದ್ದೆ. ದೊಡ್ಡವರ ಶಿಸ್ತು ನನಗಿದೆಯೇ ಎಂದು ಕೇಳಿಕೊಳ್ಳಲಿಲ್ಲ. ಎರಡು ವರ್ಷಕ್ಕೆ ಸಂಪಾದಕ ಮಂಡಳಿಯ ಆಹ್ವಾನ ಬಂದಾಗ, ಅಣ್ಣನಿಗೆ ತೋರಿಸಲೆಂದೇ ಒಪ್ಪಿಕೊಂಡೆ.

ಪತ್ರ ಬಂದದ್ದು ಡಿಸೆಂಬರ್ 11ಕ್ಕೆ. ಓದಿದ ಕೂಡಲೇ ಮನಸ್ಸಿಗೆ ಬಂದದ್ದು ‘ಇವರಿಗೇನು ಗೊತ್ತು’ ಎಂಬ ಮಾತು. ಬರೆದುಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದೇ ಬಂತು.

ಆ ಶನಿವಾರ ಉಪ್ಪಾರಪೇಟೆಯ ಮನೆಗೆ ಹೋಗಿದ್ದೆ. ನಮ್ಮದು ಮೇಲಿನ ಮನೆ. ಧರ್ಮಾಂಬುಧಿ ಕೆರೆಯಂಗಳ ಬಸ್‌ಸ್ಟ್ಯಾಂಡಾಗಿ ಎಷ್ಟೋ ಕಾಲವಾಯಿತು, ಮೆಜೆಸ್ಟಿಕ್ಕಿನ ಹಾರ್ನು ನಮ್ಮ ಗೋಡೆಗೆ ಅಂಟಿಕೊಂಡೇ ಇದೆ. ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಎರಡೂ ಚಿತ್ರ ಇಳಿಸಿಕೊಂಡೆ. ಐದನೆಯದನ್ನು ಎಡಬಲ ತಿರುಗಿಸಿದೆ. ಅರ್ಧ ಪಾರದರ್ಶಕ ಮಾಡಿ ಮೂರನೆಯದರ ಮೇಲೆ ಎಳೆದು ತಂದೆ. ಆರು ಪಟ್ಟಿಗಳು ಆರು ಪಟ್ಟಿಗಳ ಮೇಲೆ ಕೂತವು. ಅಷ್ಟಕ್ಕೇ ಆಗಿದ್ದರೆ ಕಾಕತಾಳೀಯ ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಆದರೆ ಮೂರನೇ ಚಿತ್ರದ ಎರಡನೇ ಸಾಲಿನ ಕೆಳಗೆ ಸಾಸಿವೆಯಷ್ಟು ಒಂದು ಕಲೆ ಇತ್ತು. ಐದನೇ ಚಿತ್ರದ ಐದನೇ ಸಾಲಿನ ಕೆಳಗೂ ಇತ್ತು. ತಿರುಗಿಸಿ ಇಟ್ಟಾಗ ಎರಡು ಕಲೆ ಸೇರಿ ಒಂದೇ ಆಯಿತು. ಪಟ್ಟಿಗಳು ಹೋಲಬಹುದು, ಕೊಳೆ ಹೋಲುವುದಿಲ್ಲ.

ತಲೆ ಎತ್ತಿದರೆ ಎದುರಿನ ಗೂಡಿನಲ್ಲಿ ಅಪ್ಪನ ಕಂಪೋಸಿಂಗ್ ಸ್ಟಿಕ್ಕು. ಮೂವತ್ತೆರಡು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು ಅವರು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತದೆ, ಸ್ಟಿಕ್ಕಿನಲ್ಲಿ ತಲೆಕೆಳಗಾಗಿಯೂ ಕೂರುತ್ತದೆ. ಅಪ್ಪ ಅದನ್ನು ನಾವು ಪೇಪರ್ ಓದುವಷ್ಟೇ ಸಲೀಸಾಗಿ ಓದುತ್ತಿದ್ದರು. ಭಾನುವಾರ ನನ್ನ ಅಂಗೈಗೆ ನಾಲ್ಕು ಮೊಳೆ ಹಾಕಿ “ಏನಿದು ಹೇಳು ಪುಟ್ಟಿ” ಎನ್ನುತ್ತಿದ್ದರು. ಏಳನೇ ವಯಸ್ಸಿಗೆ ನನಗೂ ಓದಲು ಬರುತ್ತಿತ್ತು. ಅಂಥವರ ಮಗಳು, ಪ್ರಬಂಧವನ್ನು ಮೂರು ಸಲ ಓದಿ, ಪಕ್ಕದಲ್ಲೇ ಇದ್ದ ಉಲ್ಟಾ ಪಟ್ಟಿಯನ್ನು ನೋಡದೆ ‘ಅಂಗೀಕೃತ’ ಎಂದು ಒತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮಿದರು. ಕಳ್ಳಿಯ ಹಾಗೆ ಲ್ಯಾಪ್‌ಟಾಪ್ ಮುಚ್ಚಿದೆ.

ಗೊತ್ತಾದದ್ದು ಅಂದೇ ರಾತ್ರಿ. ಹಾಗಾಗಿ ಮುಂದಿನದಕ್ಕೆ ‘ತಿಳಿಯಲಿಲ್ಲ’ ಎನ್ನುವ ನೆಪವಿಲ್ಲ.

ಸೋಮವಾರ ಪ್ರಯೋಗಾಲಯದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಲಿಖಿತವಾಗಿ ಮೂಲ ಬ್ಲಾಟ್‌ಗಳನ್ನು ಕೇಳಬೇಕಿತ್ತು, ಫೋನ್ ಮಾಡಿದೆ. “ಹುಡುಗರು ಫೈಲ್ ಅದಲುಬದಲು ಮಾಡಿರ್ತಾರೆ ಮೇಡಂ. ಮಾರ್ಚ್ 31 ಒಂದು ದಾಟಲಿ” ಎಂದರು. ಮಾರ್ಚ್ 31 ಎಂದರೆ ನನ್ನ ಕಚೇರಿಯಲ್ಲಿ ಎಲ್ಲರಿಗೂ ಜ್ವರ. ಹಣ ಖರ್ಚಾದ ಬಗ್ಗೆ 12-ಎ ನಮೂನೆಯ ಬಳಕೆ ಪ್ರಮಾಣಪತ್ರ, ಜೊತೆಗೆ ಪ್ರಗತಿ ವರದಿ ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ, ಕಂತು ಬರದಿದ್ದರೆ ನಾಲ್ವರು ಸಂಶೋಧನಾ ವಿದ್ಯಾರ್ಥಿಗಳಿಗೆ ಸಂಬಳವಿಲ್ಲ. ಆ ವರದಿಯ ಮೊದಲ ಸಾಲೇ ಈ ಪ್ರಬಂಧ. ಮಕ್ಕಳ ಹೊಟ್ಟೆಯ ಮೇಲೆ ಹೊಡೆಯಬಾರದು ಎಂದುಕೊಂಡೆ. ಮಕ್ಕಳ ಹೆಸರಿನಲ್ಲಿ ನನ್ನ ಮಾನ ಕಾಪಾಡಿಕೊಂಡೆ.

ಏಪ್ರಿಲ್‌ನಲ್ಲಿ ಕಡತ ಮಾಡಿ ಮೇಲಧಿಕಾರಿಗೆ ಕೊಟ್ಟೆ. ಆ ಮಹಾಶಯರು “ಸಂಸ್ಥೆಯ ಮರ್ಯಾದೆ ನೋಡ್ರಿ” ಎಂದು ಅದನ್ನು ತಮ್ಮ ಮೇಜಿನ ಎಡಗಡೆ ಇಟ್ಟರು. ಎಡಗಡೆ ಇಟ್ಟದ್ದು ಅವರ ಕೋಣೆಯಿಂದ ಹೊರಬಂದದ್ದನ್ನು ನಾನು ಕಂಡಿಲ್ಲ. ಅವರ ಮೇಲೆ ನನಗಿನ್ನೂ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೆ ಅವರು ಮುಚ್ಚಿಟ್ಟದ್ದು ಒಂದು ತಿಂಗಳು, ನಾನು ನಾಲ್ಕು.

ಮೇ ತಿಂಗಳಲ್ಲಿ ಆ ಉಪನ್ಯಾಸಕರು ಪ್ರಧಾನ ಸಂಪಾದಕರಿಗೇ ಬರೆದರು. ಮಂಡಳಿಯ ಸಭೆಯಲ್ಲಿ ಪ್ರಧಾನ ಸಂಪಾದಕರು ಕೇಳಿದ್ದು ಒಂದೇ ಪ್ರಶ್ನೆ: “ಪತ್ರ ಯಾವಾಗ ಬಂತು?” ಡಿಸೆಂಬರ್ 11 ಎಂದೆ. ಯಾರೋ ಕಾಫಿ ಲೋಟ ಕೆಳಗಿಟ್ಟರು. ಮತ್ತೆ ಯಾರೂ ಏನೂ ಕೇಳಲಿಲ್ಲ. ಪ್ರಬಂಧ ಹಿಂತೆಗೆಯಲಾಯಿತು. ಸ್ಥಾನ ಬಿಡಿ ಎಂದು ನನಗೆ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡುತ್ತಿದ್ದೆ.

ಈಗ, ಈ ದಾರಿಗೆ ಬರುವವರಿಗೆ ನಾಲ್ಕು ಮಾತು. ಸಂಬಂಧ ಇದ್ದಲ್ಲಿ ಪಕ್ಕಕ್ಕೆ ಸರಿಯಿರಿ. ನೀವು ನ್ಯಾಯವಂತರೋ ಅಲ್ಲವೋ ಎನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ. ದೂರಿನ ಪತ್ರ ಬಂದ ದಿನವೇ ತಲುಪಿದೆ ಎಂದು ಬರೆಯಿರಿ. ಫೋನ್ ಮಾಡಬೇಡಿ, ಮೂಲ ಚಿತ್ರಗಳನ್ನು ಕಾಗದದ ಮೇಲೆ ಕೇಳಿ, ಉತ್ತರ ಸಮಾಧಾನ ತರದಿದ್ದರೆ ಸಂಸ್ಥೆಗೆ ಬರೆಯಿರಿ, ತನಿಖೆ ಎಳೆದರೆ ಓದುಗರಿಗೆ ಎಚ್ಚರಿಕೆಯ ಟಿಪ್ಪಣಿ ಪ್ರಕಟಿಸಿ. ಒಪ್ಪಿಕೊಳ್ಳುವ ಮೊದಲೇ ಚಿತ್ರಗಳನ್ನು ತಿರುಗಿಸಿ ನೋಡಿ. ‘ಜರ್ನಲ್ ಆಫ್ ಸೆಲ್ ಬಯಾಲಜಿ’ 2002ರಿಂದಲೇ ಇಂಥ ತಪಾಸಣೆ ನಡೆಸುತ್ತಿದೆ. ಎಲಿಜಬೆತ್ ಬಿಕ್ ಮತ್ತು ಸಂಗಡಿಗರು 20,621 ಪ್ರಬಂಧಗಳನ್ನು ಬರಿಗಣ್ಣಿನಲ್ಲಿ ನೋಡಿ, ಶೇ. 3.8ರಲ್ಲಿ ದೋಷದ ಚಿತ್ರಗಳನ್ನು ಕಂಡು 2016ರಲ್ಲಿ ಪ್ರಕಟಿಸಿದರು. ಇಪ್ಪತ್ತಾರಕ್ಕೆ ಒಂದು. ನನ್ನ ಮೇಜಿಗೆ ಬರುವುದಿಲ್ಲ ಎಂದು ಯಾವ ಧೈರ್ಯದಲ್ಲಿ ಅಂದುಕೊಂಡಿದ್ದೆನೋ.

ಹಿಂತೆಗೆತದ ಟಿಪ್ಪಣಿ ಬರೆಯುವಾಗ, ದೋಷ ತೋರಿಸಿದವರ ಹೆಸರು ಹಾಕಿ ಕೃತಜ್ಞತೆ ಹೇಳೋಣ ಎಂದು ಆ ಉಪನ್ಯಾಸಕರನ್ನು ಕೇಳಿಸಿದೆ. ಬೇಡ ಎಂದರು. ಅವರೂ ಒಂದು ಸಣ್ಣ ಅನುದಾನಕ್ಕೆ ಅರ್ಜಿ ಹಾಕಿದ್ದಾರಂತೆ. ಯಾರ ಮೇಜಿನ ಎಡಗಡೆ ಬೀಳುತ್ತದೋ ಎಂಬ ಹೆದರಿಕೆ. ಹೆಸರಿಲ್ಲದೆಯೇ ಟಿಪ್ಪಣಿ ಅಚ್ಚಾಯಿತು.