ಭಾರಲೋಹಗಳು ಮತ್ತು ಪುರುಷರ ಸಂತಾನಶಕ್ತಿ: ಆಲೂಗೆಡ್ಡೆ, ಹೊಗೆಸೊಪ್ಪು ಬೆಳೆಗಾರರು ತಿಳಿಯಬೇಕಾದ ಅಂಶಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಕೆಂಪು ಮಣ್ಣಿನಲ್ಲಿ ಮುಂಗಾರಿನ ಆಲೂಗೆಡ್ಡೆ ಹಲವು ದಶಕಗಳಿಂದ ರೈತರ ಕೈಗೆ ಕಾಸು ತಂದ ಬೆಳೆ. ಅರಕಲಗೂಡಿನ ಕಡೆ ಇದರೊಡನೆ ಹೊಗೆಸೊಪ್ಪಿನ ಬೇಸಾಯವೂ ಸೇರಿದ್ದು, ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಈ ಎರಡು ಬೆಳೆಗಳಿಗೂ ಗೊಬ್ಬರ ಮತ್ತು ಔಷಧಿಗಳ ಬಳಕೆ ಹೆಚ್ಚು. ಬೆಳೆಗೆ ಬರುವ ರೋಗದ ಬಗ್ಗೆ ರೈತರು ಸಾಕಷ್ಟು ತಿಳಿದಿದ್ದಾರೆ. ಗೊಬ್ಬರ ಎರಚುವ, ಔಷಧಿ ಬೆರೆಸುವ ಮನುಷ್ಯನ ದೇಹದಲ್ಲಿ ಏನು ಉಳಿಯುತ್ತದೆ ಎಂಬುದರ ಬಗ್ಗೆ ತಿಳಿದಿರುವುದು ಕಡಿಮೆ.

ಮದುವೆಯಾಗಿ ಕೆಲವು ವರ್ಷ ಕಳೆದರೂ ಮಕ್ಕಳಾಗದಿದ್ದರೆ ಹಳ್ಳಿಗಳಲ್ಲಿ ಮೊದಲು ಬೆರಳು ತೋರುವುದು ಸೊಸೆಯ ಕಡೆಗೆ. ಹರಕೆ, ನಾಟಿ ಔಷಧಿ, ನಗರದ ಆಸ್ಪತ್ರೆ ಎಂದು ಆಕೆಯನ್ನು ಅಲೆದಾಡಿಸಿ, ಕೊನೆಗೆ ಗಂಡನಿಗೆ ಎರಡನೆಯ ಮದುವೆಯ ಮಾತು ಬರುವುದೂ ಉಂಟು. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕೊರತೆಯೂ ಒಂದು ಕಾರಣವಾಗಿರುತ್ತದೆ ಎಂಬುದು ವೈದ್ಯಶಾಸ್ತ್ರದ ತಿಳುವಳಿಕೆ. ಈ ಕೊರತೆಗೆ ಕಾರಣಗಳು ಅನೇಕ. ಅವುಗಳಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸದಂಥ ಭಾರಲೋಹಗಳನ್ನು ರೈತರು ತಮ್ಮ ಕೈಯಾರೆ ದೂರ ಇಡಬಹುದಾದ್ದರಿಂದ ಇಲ್ಲಿ ಅವುಗಳನ್ನೇ ವಿವರಿಸಲಾಗಿದೆ.

ಲೋಹಗಳು ಹಾನಿ ಮಾಡುವ ಬಗೆ

ಗಂಡಸಿನ ವೃಷಣಗಳಲ್ಲಿ ವೀರ್ಯಾಣುಗಳು ದಿನವೂ ತಯಾರಾಗುತ್ತಿರುತ್ತವೆ. ಒಂದು ವೀರ್ಯಾಣು ಬೆಳೆಯಲು ಸುಮಾರು 74 ದಿನ ಬೇಕು. ನಂತರ ಪಕ್ವವಾಗಿ ಹೊರಬರಲು ಇನ್ನೂ ಕೆಲವು ದಿನ ಹಿಡಿಯುತ್ತದೆ. ಅಂದರೆ ಇಂದು ದೇಹಕ್ಕೆ ಸೇರಿದ ವಿಷದ ಪರಿಣಾಮ ಎರಡು ಮೂರು ತಿಂಗಳ ಅನಂತರ ಕಾಣಬಹುದು. ಹಾಗೆಯೇ ಇಂದು ಕೈಗೊಂಡ ಎಚ್ಚರಿಕೆಯ ಫಲವೂ ಅಷ್ಟೇ ತಡವಾಗಿ ಸಿಗುತ್ತದೆ.

ವೀರ್ಯಾಣುಗಳ ಬೆಳವಣಿಗೆಗೆ ಸತುವು ಅವಶ್ಯಕ. ಕ್ಯಾಡ್ಮಿಯಂ ಮತ್ತು ಸೀಸ ಈ ಸತುವಿನ ಜಾಗವನ್ನು ಆಕ್ರಮಿಸುತ್ತವೆ. 1950ರ ದಶಕದಲ್ಲಿ ಚೆಕೊಸ್ಲೊವಾಕಿಯದ ವಿಜ್ಞಾನಿ ಪಾರಿಜೆಕ್ ಇಲಿಗಳಿಗೆ ಒಂದೇ ಒಂದು ಸಲ ಕ್ಯಾಡ್ಮಿಯಂ ಲವಣವನ್ನು ಚುಚ್ಚಿದಾಗ ಅವುಗಳ ವೃಷಣಗಳು ನಾಶವಾದವು. ಜೊತೆಗೆ ಸತುವನ್ನು ಕೊಟ್ಟಾಗ ಹಾನಿ ತಪ್ಪಿತು. ಇಲಿಗೆ ಕೊಟ್ಟ ಪ್ರಮಾಣ ಮನುಷ್ಯನಿಗೆ ಆಹಾರದಿಂದ ಬರುವುದಕ್ಕಿಂತ ಬಹಳ ಹೆಚ್ಚು. ಆದರೂ ಲೋಹ ಎಲ್ಲಿ ಪೆಟ್ಟು ಕೊಡುತ್ತದೆ ಎಂಬುದು ಇದರಿಂದ ತಿಳಿಯಿತು.

ಸೀಸದ ಬಗ್ಗೆ ಮನುಷ್ಯರಲ್ಲಿಯೇ ಪುರಾವೆ ಇದೆ. 1975ರಲ್ಲಿ ಪ್ರಕಟವಾದ ರುಮೇನಿಯಾ ದೇಶದ ಅಧ್ಯಯನದಲ್ಲಿ, ಬ್ಯಾಟರಿ ಕಾರ್ಖಾನೆಯ ಕೆಲಸಗಾರರ ವೀರ್ಯಾಣುಗಳ ಸಂಖ್ಯೆ, ಚಲನೆ ಮತ್ತು ಆಕಾರ ಮೂರೂ ಕೆಟ್ಟಿದ್ದುದು ಕಂಡುಬಂದಿತು. ರಕ್ತದಲ್ಲಿ ಸೀಸ ಪ್ರತಿ ಡೆಸಿಲೀಟರಿಗೆ 40 ಮೈಕ್ರೋಗ್ರಾಂ ಮೀರಿದಾಗ ಈ ಹಾನಿ ಸ್ಪಷ್ಟವಾಗುತ್ತದೆ ಎಂದು ಅನಂತರದ ಸಂಶೋಧನೆಗಳು ತೋರಿಸಿವೆ.

ಕ್ಯಾಡ್ಮಿಯಂ: ಗೊಬ್ಬರದ ಚೀಲದಿಂದ ಬೀಡಿಯವರೆಗೆ

ರಂಜಕದ ಗೊಬ್ಬರಗಳನ್ನು ತಯಾರಿಸುವ ಶಿಲೆಯಲ್ಲಿ ಸ್ವಲ್ಪ ಕ್ಯಾಡ್ಮಿಯಂ ಸ್ವಾಭಾವಿಕವಾಗಿ ಇರುತ್ತದೆ. ಶಿಲೆ ಎಲ್ಲಿಂದ ಬಂದಿದೆ ಎಂಬುದರ ಮೇಲೆ ಅದರ ಪ್ರಮಾಣ ಬದಲಾಗುತ್ತದೆ. ಐರೋಪ್ಯ ಒಕ್ಕೂಟವು 2022ರಿಂದ ಒಂದು ಕಿಲೋ ರಂಜಕಕ್ಕೆ (ಪಿ2ಒ5 ಲೆಕ್ಕದಲ್ಲಿ) 60 ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿದೆ. ಈ ಮಿತಿಯ ಗೊಬ್ಬರವನ್ನು ಹೆಕ್ಟೇರಿಗೆ 100 ಕಿಲೋ ರಂಜಕ ಸಿಗುವಂತೆ ಹಾಕಿದರೆ ಭೂಮಿಗೆ ಸೇರುವ ಕ್ಯಾಡ್ಮಿಯಂ 6 ಗ್ರಾಂ. ಒಂದು ಹೆಕ್ಟೇರಿನ ಮೇಲ್ಮಣ್ಣಿನ ತೂಕ ಸುಮಾರು 20 ಲಕ್ಷ ಕಿಲೋ. ಆದ್ದರಿಂದ ಒಂದು ವರ್ಷದಲ್ಲಿ ಆಗುವ ಏರಿಕೆ ಅತ್ಯಲ್ಪ, ಗಾಬರಿಪಡಬೇಕಾಗಿಲ್ಲ. ಆದರೆ ಹೀಗೆ ಸೇರಿದ ಲೋಹ ಗಾಳಿಗೆ ಹಾರುವುದಿಲ್ಲ, ಕೊಳೆಯುವುದೂ ಇಲ್ಲ. ಅವಶ್ಯಕತೆಗಿಂತ ಹೆಚ್ಚು ರಂಜಕವನ್ನು ವರ್ಷವರ್ಷವೂ ಸುರಿಯುವವರು ಹಣದ ಜೊತೆಗೆ ಭೂಮಿಯ ಶುದ್ಧಿಯನ್ನೂ ಕಳೆದುಕೊಳ್ಳುತ್ತಾರೆ.

ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಬೆಳೆಗೆ ಎಷ್ಟು ಏರುತ್ತದೆ ಎಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ. ಮಣ್ಣು ಹುಳಿಯಾದಷ್ಟೂ ಅದು ಸುಲಭವಾಗಿ ಬೇರಿಗೆ ಸಿಗುತ್ತದೆ. ಸತುವಿನ ಕೊರತೆ ಇದ್ದಾಗ ಹೆಚ್ಚು ಏರುತ್ತದೆ. ಮಣ್ಣಿನಲ್ಲಿ ಕ್ಲೋರೈಡು ಹೆಚ್ಚಿದ್ದರೆ ಆಲೂಗೆಡ್ಡೆಗೆ ಏರುವ ಪ್ರಮಾಣವೂ ಹೆಚ್ಚು ಎಂದು ಆಸ್ಟ್ರೇಲಿಯದ ಸಂಶೋಧನೆಗಳು ತೋರಿಸಿವೆ.

ಎಲ್ಲ ಬೆಳೆಗಳ ಪೈಕಿ ಕ್ಯಾಡ್ಮಿಯಂ ಅನ್ನು ಎಲೆಯಲ್ಲಿ ಕೂಡಿಡುವ ಗುಣ ಹೊಗೆಸೊಪ್ಪಿಗೆ ವಿಶೇಷವಾಗಿ ಇದೆ. ಒಂದು ಸಿಗರೇಟಿನಲ್ಲಿ ಸಾಮಾನ್ಯವಾಗಿ 1ರಿಂದ 2 ಮೈಕ್ರೋಗ್ರಾಂ ಇರುತ್ತದೆ. ಹೊಗೆಯ ಮೂಲಕ ಶ್ವಾಸಕೋಶಕ್ಕೆ ಹೋದ ಲೋಹ, ಊಟದಲ್ಲಿ ಹೋದದ್ದಕ್ಕಿಂತ ಬಹಳ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಧೂಮಪಾನಿಗಳ ದೇಹದಲ್ಲಿ ಕ್ಯಾಡ್ಮಿಯಂ ಇತರರ ಸುಮಾರು ಎರಡರಷ್ಟು ಇರುತ್ತದೆ. ಒಮ್ಮೆ ಮೂತ್ರಪಿಂಡ ಸೇರಿದರೆ ಅದರ ಅರ್ಧ ಭಾಗ ಹೊರಹೋಗಲು 10ರಿಂದ 30 ವರ್ಷ ಬೇಕು. ಆದ್ದರಿಂದ ಮಕ್ಕಳನ್ನು ಬಯಸುವ ಗಂಡಸು ಮಾಡಬೇಕಾದ ಮೊದಲ ಕೆಲಸ ಬೀಡಿ, ಸಿಗರೇಟು ಮತ್ತು ಎಲೆಅಡಿಕೆಯೊಡನೆ ಅಗಿಯುವ ಹೊಗೆಸೊಪ್ಪನ್ನು ಬಿಡುವುದು.

ಪಾದರಸ: ಹಳೆಯ ಬೀಜೋಪಚಾರದ ಔಷಧಿ

ಆಲೂಗೆಡ್ಡೆಯ ಬಿತ್ತನೆ ಗೆಡ್ಡೆಗಳನ್ನು ಪಾದರಸದ ಔಷಧಿಯ ದ್ರಾವಣದಲ್ಲಿ ಅದ್ದುವ ಪದ್ಧತಿ ಹಿಂದೆ ಬಳಕೆಯಲ್ಲಿತ್ತು. ಅಗಲ್ಲಾಲ್, ಎಮಿಸಾನ್ ಎಂಬ ಹೆಸರುಗಳು ಹಿರಿಯ ರೈತರಿಗೆ ನೆನಪಿರಬಹುದು. ಇವುಗಳಲ್ಲಿದ್ದುದು ಮಿಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್. ಬೇರೆ ಬೆಳೆಗಳಲ್ಲಿ ಇದನ್ನು ನಿಷೇಧಿಸಿದ ಮೇಲೂ ಆಲೂಗೆಡ್ಡೆ ಮತ್ತು ಕಬ್ಬಿನ ಬೀಜೋಪಚಾರಕ್ಕೆ ಮಾತ್ರ ಅನುಮತಿ ಉಳಿದಿತ್ತು. 2018ರ ಆಗಸ್ಟ್ ತಿಂಗಳಲ್ಲಿ ಭಾರತ ಸರ್ಕಾರ ಇದನ್ನು ಪೂರ್ಣವಾಗಿ ನಿಷೇಧಿಸಿತು.

ಪಾದರಸದ ಔಷಧಿ ಹಚ್ಚಿದ ಬೀಜ ಎಷ್ಟು ಅಪಾಯಕಾರಿ ಎಂಬುದಕ್ಕೆ ಇರಾಕ್ ದೇಶದ ದುರಂತ ಸಾಕ್ಷಿ. 1971-72ರಲ್ಲಿ ಅಲ್ಲಿನ ರೈತ ಕುಟುಂಬಗಳು ಉಪಚರಿಸಿದ ಬಿತ್ತನೆ ಗೋಧಿಯಿಂದ ರೊಟ್ಟಿ ಮಾಡಿ ತಿಂದು ಆಸ್ಪತ್ರೆಗಳಲ್ಲಿಯೇ 459 ಮಂದಿ ಸತ್ತರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಪಾದರಸವು ವೀರ್ಯಾಣುಗಳ ಚಲನೆಯನ್ನು ಕುಗ್ಗಿಸಿರುವುದು ಕಂಡುಬಂದಿದೆ. ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಡಬ್ಬಿಗಳು ಉಳಿದಿದ್ದರೆ ಬಳಸಬಾರದು, ಸುಡಬಾರದು, ಕೆರೆ, ಬಾವಿಯ ಬಳಿ ಹೂಳಬಾರದು. ಮಕ್ಕಳ ಕೈಗೆ ಸಿಗದಂತೆ ಮುಚ್ಚಿಟ್ಟು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ ಸಲಹೆ ಪಡೆಯಬೇಕು.

ಸೀಸ: ಬ್ಯಾಟರಿ ಮತ್ತು ಭಸ್ಮ

ಪೆಟ್ರೋಲಿಗೆ ಸೀಸ ಬೆರೆಸುವುದು ಭಾರತದಲ್ಲಿ 2000ದಲ್ಲಿ ನಿಂತಿತು. ಈಗ ಹಳ್ಳಿಗೆ ಸೀಸ ಬರುವ ಮುಖ್ಯ ದಾರಿ ಟ್ರಾಕ್ಟರ್ ಮತ್ತು ಯುಪಿಎಸ್ ಬ್ಯಾಟರಿಗಳು. ಹಳೆಯ ಬ್ಯಾಟರಿಯನ್ನು ಮನೆಯಂಗಳದಲ್ಲಿ ಒಡೆಯುವುದು, ಸೀಸದ ಫಲಕಗಳನ್ನು ಕರಗಿಸುವುದು ಸರ್ವಥಾ ಕೂಡದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಹಿಂತಿರುಗಿಸಬೇಕು.

ಇನ್ನೊಂದು ದಾರಿ ಹೆಚ್ಚು ವಿಷಾದಕರ. ಮಕ್ಕಳಾಗದ ಚಿಂತೆಯಿಂದ ಗುಟ್ಟಾಗಿ ‘ಶಕ್ತಿ’ಯ ಪುಡಿಗಳನ್ನು ಕೊಂಡು ತಿನ್ನುವವರಿದ್ದಾರೆ. ಇಂಥ ಕೆಲವು ಔಷಧಿಗಳಲ್ಲಿ ನಾಗಭಸ್ಮ ಬೆರೆತಿರುತ್ತದೆ. ನಾಗವೆಂದರೆ ಸೀಸ. ಪಾರದ ಸೇರಿದ್ದರೆ ಅದು ಪಾದರಸ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಶಂಖಪಾಷಾಣ ಕಂಡುಬಂದವು. ಸಂತಾನಕ್ಕಾಗಿ ತಿಂದ ಔಷಧಿಯೇ ಸಂತಾನಶಕ್ತಿಯನ್ನು ಕುಗ್ಗಿಸುವಂತಾಗಬಾರದು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಮಾರುವ ಹೆಸರಿಲ್ಲದ ಪುಡಿಗಳನ್ನು ಮುಟ್ಟದಿರುವುದು ಲೇಸು.

ಹೊಲದಲ್ಲಿ ಕೈಗೊಳ್ಳಬೇಕಾದ ಕ್ರಮಗಳು

1. ಮಣ್ಣು ಪರೀಕ್ಷೆ ಮಾಡಿಸಿ, ಅದರ ಆಧಾರದ ಮೇಲೆ ಮಾತ್ರ ರಂಜಕ ಕೊಡಬೇಕು. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಿಂದ ಸಲಹೆ ಪಡೆಯಬಹುದು.
2. ಹುಳಿ ಮಣ್ಣಿಗೆ ಶಿಫಾರಸಿನಂತೆ ಸುಣ್ಣ ಹಾಕಬೇಕು. ಆಲೂಗೆಡ್ಡೆ ನೆಡುವ ಮುನ್ನ ಸುಣ್ಣ ಹಾಕಿದರೆ ಗೆಡ್ಡೆಯ ಕಜ್ಜಿ ರೋಗ ಹೆಚ್ಚಬಹುದು. ಆದ್ದರಿಂದ ಸರದಿಯಲ್ಲಿ ಬರುವ ರಾಗಿ ಅಥವಾ ಮುಸುಕಿನ ಜೋಳಕ್ಕೆ ಹಾಕುವುದು ಒಳ್ಳೆಯದು.
3. ಕೊಟ್ಟಿಗೆ ಗೊಬ್ಬರ ಲೋಹಗಳನ್ನು ಹಿಡಿದಿಡುತ್ತದೆ. ನಗರದ ಕಸದಿಂದ ಮಾಡಿದ ಗೊಬ್ಬರವನ್ನು ಕೊಳ್ಳುವಾಗ ಪರೀಕ್ಷಾ ವರದಿ ಕೇಳಬೇಕು. ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಅದರಲ್ಲಿ ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರಬಾರದು.
4. ಕೊರತೆ ಇದ್ದಲ್ಲಿ ಸತುವಿನ ಸಲ್ಫೇಟ್ ಹಾಕಬೇಕು. ಮುದ್ರೆಯಿಲ್ಲದ ಅಗ್ಗದ ಚೀಲಗಳಲ್ಲಿ ಕ್ಯಾಡ್ಮಿಯಂ, ಸೀಸ ಬೆರೆತಿರುವ ಸಂಭವವಿದೆ.
5. ಅಂಗಮಾರಿಗೆ ಸಿಂಪಡಿಸುವ ಮ್ಯಾಂಕೋಜೆಬ್‌ನಲ್ಲಿ ಮ್ಯಾಂಗನೀಸ್ ಮತ್ತು ಸತುವು ಇವೆ. ಸಂತಾನಕ್ಕೆ ಸಂಬಂಧಿಸಿದ ಅಪಾಯವೂ ಸೇರಿದಂತೆ ಹಲವು ಕಾರಣಗಳಿಂದ ಐರೋಪ್ಯ ಒಕ್ಕೂಟ 2020ರಲ್ಲಿ ಇದರ ಅನುಮತಿಯನ್ನು ನವೀಕರಿಸಲಿಲ್ಲ. ಬಳಸುವವರು ಕೈಗವಸು, ಮುಖವಸ್ತ್ರ ಧರಿಸಬೇಕು, ಕೋಲಿನಿಂದ ಕಲಸಬೇಕು. ಬಸುರಿಯರು ಈ ಕೆಲಸಕ್ಕೆ ಹೋಗಕೂಡದು.
6. ಹೊಲದಲ್ಲಿ ಕೈ ತೊಳೆಯದೆ ಬೀಡಿ ಸೇದುವುದು, ಊಟ ಮಾಡುವುದು ಸಲ್ಲದು.

ಪರೀಕ್ಷೆ ಇಬ್ಬರಿಗೂ ಆಗಲಿ

1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಂತುಹುಳುನಾಶಕವೊಂದನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು, ತಮ್ಮಲ್ಲಿ ಅನೇಕರಿಗೆ ಮಕ್ಕಳಾಗುತ್ತಿಲ್ಲವೆಂಬುದನ್ನು ಪರಸ್ಪರ ಮಾತಿನಲ್ಲಿ ಗಮನಿಸಿ ವೀರ್ಯ ಪರೀಕ್ಷೆ ಮಾಡಿಸಿಕೊಂಡರು. ಡಿಬಿಸಿಪಿ ಎಂಬ ಆ ಔಷಧಿ ಲೋಹವಲ್ಲ. ಆದರೆ ಅದರ ಹಾನಿ ಹೊರಬಿದ್ದದ್ದು ಗಂಡಸರು ಸಂಕೋಚ ಬಿಟ್ಟು ಮಾತನಾಡಿದ್ದರಿಂದ.

ವೀರ್ಯ ಪರೀಕ್ಷೆ ನೋವಿಲ್ಲದ, ಹೆಚ್ಚು ಖರ್ಚಿಲ್ಲದ ಪರೀಕ್ಷೆ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣು ಕೆಳಮಿತಿ. ಇದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಕ್ಕಳಾಗುವುದೇ ಇಲ್ಲವೆಂದು ಅರ್ಥವಲ್ಲ. ಲೋಹವೇ ಕಾರಣವೆಂದೂ ಅಲ್ಲ. ರಕ್ತನಾಳಗಳ ಊತ, ಬಾಲ್ಯಾನಂತರ ಬಂದ ಮಂಗನಬಾವು, ಸಕ್ಕರೆ ಕಾಯಿಲೆ, ಮದ್ಯಪಾನ, ಹೊಗೆಸೊಪ್ಪಿನ ಬ್ಯಾರನ್ ಒಲೆಯಂಥ ಕಡೆ ಸತತವಾಗಿ ಬಿಸಿಯಲ್ಲಿ ಕೆಲಸ ಮಾಡುವುದು ಇವೂ ಕಾರಣವಾಗಬಹುದು. ತಾನು ಮುಟ್ಟುವ ಔಷಧಿ, ಬ್ಯಾಟರಿ, ಭಸ್ಮಗಳ ವಿವರವನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಅವಶ್ಯವೆನಿಸಿದರೆ ವೈದ್ಯರು ರಕ್ತದಲ್ಲಿನ ಸೀಸವನ್ನು ಪರೀಕ್ಷಿಸುತ್ತಾರೆ. ವಿಷದ ಮೂಲವನ್ನು ದೂರಮಾಡಿ ಮೂರು ತಿಂಗಳ ಅನಂತರ ಮತ್ತೆ ಪರೀಕ್ಷಿಸಿದಾಗ ಸುಧಾರಣೆ ಕಾಣುವ ಸಾಧ್ಯತೆ ಇದೆ.

ಬೆಳೆ ಬಾರದಿದ್ದಾಗ ರೈತರು ಭೂಮಿಯೊಂದನ್ನೇ ದೂರುವುದಿಲ್ಲ, ಬೀಜವನ್ನೂ ಪರೀಕ್ಷಿಸುತ್ತಾರೆ. ಮನೆಯ ವಿಷಯದಲ್ಲಿಯೂ ಅದೇ ವಿವೇಕವಿದ್ದರೆ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ತಪ್ಪುತ್ತದೆ. ವಿಸ್ತರಣಾ ಕಾರ್ಯಕರ್ತರು ಬಿತ್ತನೆಗೆ ಮುಂಚಿನ ಗ್ರಾಮಸಭೆಗಳಲ್ಲಿ ಗೊಬ್ಬರ, ಔಷಧಿಗಳ ಮಾತಿನೊಡನೆ ಈ ವಿಷಯವನ್ನೂ ಸಂಕೋಚವಿಲ್ಲದೆ ತಿಳಿಸುವುದು ಅವಶ್ಯಕ.