ಬೋರ್ಡು ಓದೋಣ, ಕೂತು ಉಣ್ಣೋಣ

ಹೋಟೆಲ್ ಅಂದ ಕೂಡಲೇ ನಮಗೆ ಏನು ನೆನಪಾಗುತ್ತೆ? ಬಿಸಿ ಕಾಫಿಯ ಘಮ. ಕಾವಲಿಯ ಮೇಲೆ ದೋಸೆ ಚುಂಯ್ ಅನ್ನುವ ಸದ್ದು. ಬಾಯಲ್ಲಿ ನೀರು ಬರುತ್ತೆ, ಅಲ್ಲವೆ?

ಆದರೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗೋದು ಅಂದರೆ ನಮ್ಮಲ್ಲಿ ಹಲವರಿಗೆ ಅಳುಕು.

"ಒಳಗೆ ಬಿಡ್ತಾರೋ ಇಲ್ವೋ?"

"ಎಷ್ಟು ದುಡ್ಡಾಗುತ್ತೋ ಏನೋ?"

"ಕಾರ್ಡು ಕೊಟ್ಟರೆ ಓದೋದು ಹೇಗೆ?"

ಹೀಗಾಗಿ ಏನಾಗುತ್ತೆ? ಗಂಡಸರು ಕೆಲಸದ ನಡುವೆ ಹೋಗಿ ತಿಂದು ಬರ್ತಾರೆ. ಹೆಂಗಸರು, ಮಕ್ಕಳು ಮನೆಯಲ್ಲಿ ಪೊಟ್ಟಣಕ್ಕೆ ಕಾಯ್ತಾರೆ. ವಯಸ್ಸಾದ ಅಜ್ಜಿ "ನಂಗ್ಯಾಕಪ್ಪ ಹೋಟ್ಲು" ಅಂತ ಸುಮ್ಮನಾಗ್ತಾಳೆ. ಮೂರು ಹೊತ್ತೂ ಒಲೆ ಮುಂದೆ ಬೇಯುವ ಅಮ್ಮನಿಗೆ ಒಂದು ಹೊತ್ತು ಯಾರಾದರೂ ತಂದು ಬಡಿಸಿದರೆ ಎಷ್ಟು ಸಂತೋಷ! ಆ ಸಂತೋಷ ಅಳುಕಿನಿಂದ ತಪ್ಪಿಹೋಗಬಾರದು.

ಈಗ ನಮಗೆ ಅಕ್ಷರ ಬರುತ್ತೆ. ಅಂಕಿ ಬರುತ್ತೆ. ಇಷ್ಟಿದ್ದರೆ ಸಾಕು. ಬನ್ನಿ, ಒಂದು ಬಡಾವಣೆಯ ಹೋಟೆಲುಗಳನ್ನು ನೋಡಿಕೊಂಡು ಬರೋಣ.

ಜಯನಗರದ ಬೀದಿಯಲ್ಲಿ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಜಯನಗರ ಇದೆ. 1948ರಲ್ಲಿ ಈ ಬಡಾವಣೆಗೆ ಅಡಿಗಲ್ಲು ಹಾಕಿದರು. ಆಗ ಅದು ಊರ ಹೊರಗಿನ ಜಾಗ. ಈಗ ಊರ ನಡುವೆ ಬಂದಿದೆ. ಅಲ್ಲಿಗೆ ಸಿಟಿ ಬಸ್ಸು ಹೋಗುತ್ತೆ. 2017ರ ಜೂನ್ ತಿಂಗಳಿಂದ ಮೆಟ್ರೋ ರೈಲೂ ಹೋಗುತ್ತೆ. ನಿಲ್ದಾಣದ ಹೆಸರು ಕನ್ನಡದಲ್ಲೇ ಬರೆದಿದೆ. ಓದಿ ಇಳಿಯೋದು ಸುಲಭ.

ಜಯನಗರದಲ್ಲಿ ಮನೆಗಳನ್ನು ಬ್ಲಾಕು ಬ್ಲಾಕಾಗಿ ಕಟ್ಟಿದ್ದಾರೆ. 4ನೇ ಬ್ಲಾಕಿನಲ್ಲಿ ದೊಡ್ಡ ಮಾರುಕಟ್ಟೆ. ಸೀರೆ, ಪಾತ್ರೆ, ಹೂವು, ತರಕಾರಿ ಎಲ್ಲ ಸಿಗುತ್ತೆ. ಸಾಮಾನು ಕೊಂಡು ಕಾಲು ಸೋತ ಮೇಲೆ ಹೊಟ್ಟೆ ತಾಳ ಹಾಕುತ್ತೆ. ಆಗ ಎಲ್ಲಿಗೆ ಹೋಗೋದು? ತಲೆ ಎತ್ತಿ ಬೋರ್ಡುಗಳನ್ನು ಓದಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ದರ್ಶಿನಿ: ಇಲ್ಲಿ ಮೊದಲು ದುಡ್ಡು ಕೊಟ್ಟು ಚೀಟಿ ತಗೋಬೇಕು. ಚೀಟಿ ತೋರಿಸಿ ತಿಂಡಿ ತಗೋಬೇಕು. ಎತ್ತರದ ಮೇಜಿನ ಮುಂದೆ ನಿಂತು ತಿನ್ನಬೇಕು. ಬಡಿಸುವವರು ಇರೋದಿಲ್ಲ. ಅದಕ್ಕೇ ಬೆಲೆ ಕಡಿಮೆ. ಅಡುಗೆ ಮಾಡೋದು ಎದುರಿಗೇ ಕಾಣುತ್ತೆ. ಈ ಬಗೆಯ ಹೋಟೆಲ್ ಹುಟ್ಟಿದ್ದು 1980ರ ದಶಕದಲ್ಲಿ, ಇದೇ ಜಯನಗರದಲ್ಲಿ. ಈಗ ಊರೂರಲ್ಲೂ ದರ್ಶಿನಿಗಳಿವೆ. ಆತುರದಲ್ಲಿ ಇರುವವರಿಗೆ ಇದು ಚೆನ್ನ. ಕಂಕುಳಲ್ಲಿ ಮಗು ಇದ್ದರೆ, ಜೊತೆಯಲ್ಲಿ ಮಂಡಿನೋವಿನ ಅಜ್ಜಿ ಇದ್ದರೆ ನಿಂತು ತಿನ್ನೋದು ಕಷ್ಟ.

ಉಪಹಾರ ಗೃಹ, ಭವನ: ಇಲ್ಲಿ ಕೂತು ತಿನ್ನಬಹುದು. ಬಡಿಸುವವರು ಬಂದು ಏನು ಬೇಕು ಅಂತ ಕೇಳ್ತಾರೆ. ಜಯನಗರದ ಪಕ್ಕದ ಬಸವನಗುಡಿಯಲ್ಲಿ ಗಾಂಧಿ ಬಜಾರ್ ಇದೆ. ಅಲ್ಲಿ 1943ರಲ್ಲಿ ಶುರುವಾದ 'ವಿದ್ಯಾರ್ಥಿ ಭವನ' ಇದೆ. ಲಾಲ್‌ಬಾಗ್ ರಸ್ತೆಯಲ್ಲಿ 'ಎಂ.ಟಿ.ಆರ್.' ಇದೆ. ಅದನ್ನು ನಡೆಸುವವರು 1924ರಿಂದ ಬೆಂಗಳೂರಿನಲ್ಲಿ ಹೋಟೆಲ್ ನಡೆಸುತ್ತ ಬಂದಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. ಆಗ ಅಲ್ಲಿ ರವೆಯಿಂದ ಇಡ್ಲಿ ಮಾಡಿದರು, ಅದೇ ರವೆ ಇಡ್ಲಿ ಅಂತ ಹೇಳ್ತಾರೆ. ಇಂಥ ಹೆಸರಾದ ಹೋಟೆಲುಗಳಲ್ಲಿ ರಜಾದಿನ ಜನ ಬಹಳ. ಮಕ್ಕಳ ಜೊತೆ ಹೋಗುವವರು ವಾರದ ದಿನ ಹೋದರೆ ಕಾಯೋದು ತಪ್ಪುತ್ತೆ.

ಮಿಲಿಟರಿ ಹೋಟೆಲ್: ಹೆಸರು ಕೇಳಿ ಹೆದರಬೇಡಿ. ಇಲ್ಲಿ ಬಂದೂಕು ಇಲ್ಲ! ಹಳೇ ಮೈಸೂರಿನ ಕಡೆ ಮಾಂಸದ ಊಟದ ಹೋಟೆಲಿಗೆ ಈ ಹೆಸರು. ಮುದ್ದೆ, ಸಾರು, ದೊನ್ನೆ ಬಿರಿಯಾನಿ ಸಿಗುತ್ತೆ. ಜಯನಗರದ 8ನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲ್ ಹೆಸರಾದದ್ದು. ಮಾಂಸ ತಿನ್ನದವರು 'ಸಸ್ಯಾಹಾರಿ' ಅನ್ನುವ ಬೋರ್ಡು ನೋಡಿ ಒಳಗೆ ಹೋಗಬೇಕು.

ಇಂದಿರಾ ಕ್ಯಾಂಟೀನ್: ಇದು ಸರ್ಕಾರದ್ದು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಶುರುವಾಯಿತು. ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಅಂತ ಬೆಲೆ ಇಟ್ಟು ಶುರುಮಾಡಿದರು. ಕೂಲಿ ಮಾಡುವವರಿಗೆ, ಊರು ಬಿಟ್ಟು ಬಂದವರಿಗೆ ದೊಡ್ಡ ಆಸರೆ. ಇಲ್ಲಿ ಉಣ್ಣೋದಕ್ಕೆ ನಾಚಿಕೆ ಬೇಡ.

ಬಾಗಿಲು ಯಾರಿಗೆ ತೆರೆದಿದೆ?

ಹಿಂದೆ ಎಲ್ಲ ಹೋಟೆಲುಗಳ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಕೆಲವು ಕಡೆ ಒಂದು ಜಾತಿಯವರು ಮಾತ್ರ ಒಳಗೆ ಕೂರಬಹುದಿತ್ತು. ಉಳಿದವರಿಗೆ ಬೇರೆ ಜಾಗ. ಇನ್ನು ಕೆಲವರಿಗೆ ಹೊರಗಿನ ಜಗುಲಿಯೂ ಇಲ್ಲ. ಅವರ ಲೋಟವನ್ನು ಬೇರೆ ಇಡುತ್ತಿದ್ದರು. ತಾವೇ ತೊಳೆದು ಇಡಬೇಕಿತ್ತು.

1950ರ ಜನವರಿ 26ರಂದು ನಮ್ಮ ಸಂವಿಧಾನ ಜಾರಿಗೆ ಬಂತು. ಅದರ 15ನೇ ವಿಧಿ ಏನು ಹೇಳುತ್ತೆ? ಧರ್ಮ, ಜಾತಿ, ಹುಟ್ಟಿದ ಊರು, ಹೆಣ್ಣು ಗಂಡು ಅನ್ನುವ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲಿನಿಂದ ಹೊರಗೆ ಇಡಬಾರದು. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. 1955ರಲ್ಲಿ ಇದಕ್ಕೆ ಕಾನೂನು ಬಂತು. ಅಸ್ಪೃಶ್ಯತೆಯ ಕಾರಣಕ್ಕೆ ಹೋಟೆಲಿನ ಒಳಗೆ ಬಿಡದಿದ್ದರೆ ಅಪರಾಧ. ಎಲ್ಲರಿಗೂ ಇಟ್ಟ ಲೋಟ, ತಟ್ಟೆ ಮುಟ್ಟಬೇಡ ಅಂದರೂ ಅಪರಾಧ. ಜೈಲು ಶಿಕ್ಷೆ ಉಂಟು, ದಂಡವೂ ಉಂಟು.

ಕಾನೂನು ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತೆ? ಇಲ್ಲ. ಕೆಲವು ಹಳ್ಳಿಗಳಲ್ಲಿ ಬೇರೆ ಲೋಟದ ಸುದ್ದಿ ಇಂದಿಗೂ ಕೇಳಿಬರುತ್ತೆ. ಆದರೆ ಈಗ ನಮ್ಮ ಕೈಯಲ್ಲಿ ಕಾನೂನು ಇದೆ. ಒಳಗೆ ಹೋಗಿ ಕೂರೋದು ಯಾರೋ ಕೊಟ್ಟ ದಾನ ಅಲ್ಲ. ಅದು ನಮ್ಮ ಹಕ್ಕು. ಹಕ್ಕು ಗೊತ್ತಿದ್ದರೆ ತಲೆ ಬಗ್ಗೋದಿಲ್ಲ.

ಮನೆಮಂದಿಗೆ ಯಾವ ಹೋಟೆಲ್ ಒಳ್ಳೇದು?

ಬಣ್ಣದ ದೀಪ ನೋಡಿ ಮರುಳಾಗಬಾರದು. ನಾವು ಆರು ಸಂಗತಿ ನೋಡಬೇಕು.

1. ಸ್ವಚ್ಛತೆ: ಮೇಜು ಒರೆಸುವ ಬಟ್ಟೆ ನೋಡಿ. ಬಟ್ಟೆಯೇ ಕೊಳೆಯಾದರೆ ಮೇಜು ಶುಚಿ ಆದೀತೆ? ತಿಂಡಿಯ ಮೇಲೆ ನೊಣ ಕೂತಿದೆಯೆ, ನೋಡಿ.

2. ನೀರು: ಕೈ ತೊಳೆಯೋಕೆ ನೀರು, ಸೋಪು ಇರಬೇಕು. ಕುಡಿಯುವ ನೀರನ್ನು ಮುಚ್ಚಿ ಇಟ್ಟಿರಬೇಕು. ಮಕ್ಕಳಿಗೆ ಕುದಿಸಿ ಆರಿಸಿದ ನೀರನ್ನು ಮನೆಯಿಂದ ಒಯ್ದರೆ ಇನ್ನೂ ಒಳ್ಳೇದು.

3. ಬಿಸಿ: ಬಿಸಿಬಿಸಿ ಅಡುಗೆ ತಿನ್ನಿ. ಬಹಳ ಹೊತ್ತು ತಣ್ಣಗೆ ಇಟ್ಟ ಚಟ್ನಿ, ಪಲ್ಯ ಬೇಗ ಕೆಡುತ್ತೆ. ಮೊದಲು ಕಾಯಿಲೆ ಬೀಳೋದು ಮಕ್ಕಳು.

4. ಜಾಗ: ಅಜ್ಜ ಅಜ್ಜಿ ಕೂರೋಕೆ ಒರಗುವ ಕುರ್ಚಿ ಇದೆಯೆ? ಮೆಟ್ಟಿಲು ಎಷ್ಟು? ಹೆಂಗಸರಿಗೆ ಶೌಚಾಲಯ ಇದೆಯೆ? ಕೇಳೋಕೆ ನಾಚಬೇಡಿ.

5. ಹೊಗೆ: 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ಸಾರ್ವಜನಿಕ ಜಾಗದಲ್ಲಿ ಬೀಡಿ, ಸಿಗರೇಟು ಸೇದಬಾರದು ಅನ್ನುವ ನಿಯಮ ಬಿಗಿಯಾಯಿತು. ಹೋಟೆಲೂ ಸಾರ್ವಜನಿಕ ಜಾಗವೇ. ದೊಡ್ಡ ಹೋಟೆಲಿನಲ್ಲಿ ಅದಕ್ಕೆ ಬೇರೆ ಕೋಣೆ ಇರಬಹುದು. ನಮ್ಮ ಮಗುವಿನ ಪಕ್ಕ ಕೂತು ಯಾರಾದರೂ ಸೇದಿದರೆ ಹೋಟೆಲಿನವರಿಗೆ ಹೇಳಿ.

6. ಲೈಸೆನ್ಸ್: ಆಹಾರ ಮಾರುವವರು ಸರ್ಕಾರದಿಂದ ಅನುಮತಿ ಪಡೆಯಬೇಕು. ಅದಕ್ಕೆ 14 ಅಂಕಿಯ ಒಂದು ನಂಬರು ಇರುತ್ತೆ. ಅದನ್ನು 'ಎಫ್.ಎಸ್.ಎಸ್.ಎ.ಐ. ನಂಬರು' ಅಂತಾರೆ. ಅನುಮತಿ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಬೇಕು. 2022ರ ಜನವರಿ 1ರಿಂದ ಬಿಲ್ಲಿನ ಮೇಲೂ ಆ ನಂಬರು ಇರಬೇಕು. ಊಟ ಕೆಟ್ಟಿದ್ದರೆ ದೂರು ಕೊಡೋಕೆ ಈ ನಂಬರು ಬೇಕಾಗುತ್ತೆ.

ಮೊದಲು ಬೆಲೆ, ಆಮೇಲೆ ಎಲೆ

ಕೂತ ಕೂಡಲೇ ಕೇಳಬೇಡಿ. ಮೊದಲು ಬೆಲೆಪಟ್ಟಿ ಓದಿ. ಗೋಡೆಯ ಮೇಲೆ ಇರುತ್ತೆ, ಇಲ್ಲದಿದ್ದರೆ ಕಾರ್ಡಿನಲ್ಲಿ ಇರುತ್ತೆ. ಕಾರ್ಡು ಬರೀ ಇಂಗ್ಲಿಷಿನಲ್ಲಿ ಇದೆಯೆ? "ಕನ್ನಡದ ಕಾರ್ಡು ಕೊಡಿ" ಅನ್ನಿ. ಇಲ್ಲ ಅಂದರೆ "ಓದಿ ಹೇಳಿ" ಅನ್ನಿ. ಇದರಲ್ಲಿ ಅವಮಾನ ಇಲ್ಲ. ಅಂಕಿ ಹೇಗೂ ನಮಗೆ ಬರುತ್ತೆ.

ಮಕ್ಕಳು ಕಂಡದ್ದೆಲ್ಲ ಬೇಕು ಅಂತಾವೆ. ಒಂದೊಂದಾಗಿ ತರಿಸಿ. ಒಂದು ಮುಗಿದ ಮೇಲೆ ಇನ್ನೊಂದು. ಎಲೆಯಲ್ಲಿ ಚೆಲ್ಲಿದ ಅನ್ನಕ್ಕೂ ದುಡ್ಡು ಕೊಡಬೇಕು, ಮರೆಯಬೇಡಿ. ಉಳಿದರೆ ಕಟ್ಟಿಸಿಕೊಂಡು ಬನ್ನಿ.

ಬಿಲ್ಲು ಓದೋಣ

ಊಟ ಆಯಿತು. ಬಿಲ್ಲು ಬಂತು. ನಾಲ್ಕು ಜನ ತಿಂದಿದ್ದೇವೆ ಅಂತ ಇಟ್ಟುಕೊಳ್ಳೋಣ. ಈ ಬೆಲೆಗಳನ್ನು ಲೆಕ್ಕ ಕಲಿಯೋದಕ್ಕೆ ನಾವು ಹಾಕಿಕೊಂಡಿದ್ದೇವೆ.

ಇಡ್ಲಿ 2 ಪ್ಲೇಟು, ಒಂದಕ್ಕೆ 40 ರೂ. — 80 ರೂ.
ಮಸಾಲೆ ದೋಸೆ 2, ಒಂದಕ್ಕೆ 70 ರೂ. — 140 ರೂ.
ಕಾಫಿ 2, ಒಂದಕ್ಕೆ 20 ರೂ. — 40 ರೂ.
ಬಾದಾಮಿ ಹಾಲು 1 — 40 ರೂ.
ಮೊತ್ತ — 300 ರೂ.
ಜಿ.ಎಸ್.ಟಿ. 100ಕ್ಕೆ 5ರಂತೆ — 15 ರೂ.
ಒಟ್ಟು — 315 ರೂ.

ಮೊದಲು ನೋಡಬೇಕಾದ್ದು: ನಾವು ತಿಂದದ್ದು ಮಾತ್ರ ಬರೆದಿದ್ದಾರೆಯೆ? ಎರಡು ಕಾಫಿ ಕುಡಿದರೆ ಎರಡೇ ಇರಬೇಕು, ಮೂರು ಇರಬಾರದು. ಆಮೇಲೆ ಕೂಡಿ ನೋಡಿ.

ಜಿ.ಎಸ್.ಟಿ. ಅಂದರೆ ಸರ್ಕಾರಕ್ಕೆ ಹೋಗುವ ತೆರಿಗೆ. ಸಾಮಾನ್ಯ ಹೋಟೆಲಿನ ಊಟಕ್ಕೆ 2017ರ ನವೆಂಬರ್ 15ರಿಂದ ಅದು 100ಕ್ಕೆ 5 ರೂಪಾಯಿ. ಕೆಲವರು ಇದನ್ನು ಎರಡು ಭಾಗ ಮಾಡಿ, ಎರಡೂವರೆ ಎರಡೂವರೆ ಅಂತ ಬರೀತಾರೆ. ಕೂಡಿದರೆ ಐದೇ ಆಗುತ್ತೆ. ಸಣ್ಣ ಹೋಟೆಲಿನವರು ಹಲವರು ತೆರಿಗೆಗೆ ನೋಂದಣಿ ಮಾಡಿಸಿರೋದಿಲ್ಲ. ಅಂಥವರು ಬಿಲ್ಲಿನಲ್ಲಿ ಜಿ.ಎಸ್.ಟಿ. ಸೇರಿಸುವ ಹಾಗಿಲ್ಲ. ಜಿ.ಎಸ್.ಟಿ. ಹಾಕಿದ್ದರೆ ಬಿಲ್ಲಿನ ಮೇಲೆ ನೋಂದಣಿ ನಂಬರೂ ಇರಬೇಕು.

ಇನ್ನೊಂದು ಸಾಲು ಕೆಲವು ದೊಡ್ಡ ಹೋಟೆಲುಗಳ ಬಿಲ್ಲಿನಲ್ಲಿ ಇರುತ್ತೆ. ಅದೇ 'ಸರ್ವಿಸ್ ಚಾರ್ಜ್', ಅಂದರೆ ಬಡಿಸಿದ್ದಕ್ಕೆ ಹಣ. ನಮ್ಮ ಬಿಲ್ಲಿನಲ್ಲಿ 100ಕ್ಕೆ 10ರಂತೆ ಹಾಕಿದರೆ 30 ರೂಪಾಯಿ ಹೆಚ್ಚಾಗುತ್ತೆ. ಇದು ತೆರಿಗೆ ಅಲ್ಲ. ಸರ್ಕಾರಕ್ಕೆ ಹೋಗೋದಿಲ್ಲ. ಕೇಳದೆ ಇದನ್ನು ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಸೂಚನೆ ಕೊಟ್ಟಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಆ ಸೂಚನೆಯನ್ನು ಎತ್ತಿಹಿಡಿಯಿತು. ನಮಗೆ ಇಷ್ಟ ಇದ್ದರೆ ಕೊಡಬಹುದು. ಬೇಡ ಅಂದರೆ ಹೀಗೆ ಹೇಳಬಹುದು:

"ಅಣ್ಣಾ, ಈ ಸರ್ವಿಸ್ ಚಾರ್ಜ್ ತೆಗೆದುಬಿಡಿ."

"ಎಲ್ಲರೂ ಕೊಡ್ತಾರಮ್ಮ."

"ಕೊಡೋರು ಕೊಡಲಿ. ಕಡ್ಡಾಯ ಅಲ್ಲ ಅಂತ ನಾವು ಓದಿದೀವಿ. ಬೇರೆ ಬಿಲ್ಲು ಕೊಡಿ."

ಜಗಳ ಬೇಡ. ಮೆಲ್ಲಗೆ ಹೇಳಿದರೆ ಸಾಕು. ಅವರು ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ. ಬಿಲ್ಲನ್ನು ಹರಿಯಬೇಡಿ. ಅದೇ ನಮ್ಮ ಸಾಕ್ಷಿ.

ಮೇಜು ಒರೆಸುವ ಕೈ

ಇನ್ನೊಂದು ಮಾತು. ನಮ್ಮ ಮಕ್ಕಳಿಗೆ ದೋಸೆ ತಿನ್ನಿಸುವಾಗ ಮೇಜು ಒರೆಸುವ ಕೈಯನ್ನೂ ನೋಡೋಣ. ಅದು ಎಳೆಯ ಕೈಯೆ? 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು. ಅಂಥ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ. ಒಂದು ಮಗು ತಿನ್ನೋಕೆ ಕೂತು, ಅದೇ ವಯಸ್ಸಿನ ಇನ್ನೊಂದು ಮಗು ಎಂಜಲು ಎತ್ತುವ ಜಾಗ ಮನೆಮಂದಿಗೆ ತಕ್ಕ ಜಾಗ ಅಲ್ಲ.

ದೊಡ್ಡವರು ಕೆಲಸ ಮಾಡ್ತಿದ್ದರೆ ಅವರನ್ನು "ಏಯ್" ಅಂತ ಕರೆಯಬೇಡಿ. "ಅಣ್ಣಾ", "ಅಕ್ಕಾ" ಅನ್ನಿ. ಮರ್ಯಾದೆ ಕೊಟ್ಟರೆ ಮರ್ಯಾದೆ ಬರುತ್ತೆ. ಅವರೂ ಊರು ಬಿಟ್ಟು ದುಡಿಯೋಕೆ ಬಂದವರು, ನಮ್ಮ ಹಾಗೇ.

ಹೋಟೆಲಿಗೆ ದಿನಾ ಹೋಗಬೇಕು ಅಂತ ನಾವು ಹೇಳೋದಿಲ್ಲ. ಮನೆಯ ಗಂಜಿಯೂ ಅಮೃತವೇ. ಆದರೆ ಹೋದ ದಿನ ಎಲ್ಲರೂ ಹೋಗೋಣ. ಅಮ್ಮನೂ ಬರಲಿ, ಅಜ್ಜಿಯೂ ಬರಲಿ. ಬೋರ್ಡನ್ನು ಮಗ ಓದಲಿ, ಬೆಲೆಯನ್ನು ಮಗಳು ಓದಲಿ, ಬಿಲ್ಲನ್ನು ಅಮ್ಮ ಓದಲಿ.

ಅಭ್ಯಾಸ

ಅ. ಉತ್ತರ ಹೇಳಿ.
1. ದರ್ಶಿನಿಯಲ್ಲಿ ಬೆಲೆ ಯಾಕೆ ಕಡಿಮೆ?
2. ಸಂವಿಧಾನದ 15ನೇ ವಿಧಿ ಹೋಟೆಲಿನ ಬಗ್ಗೆ ಏನು ಹೇಳುತ್ತೆ?
3. ಜಿ.ಎಸ್.ಟಿ.ಗೂ ಸರ್ವಿಸ್ ಚಾರ್ಜಿಗೂ ಏನು ವ್ಯತ್ಯಾಸ?

ಆ. ಲೆಕ್ಕ ಮಾಡಿ.
ಊಟ 3, ಒಂದಕ್ಕೆ 100 ರೂ. ಮಜ್ಜಿಗೆ 2, ಒಂದಕ್ಕೆ 20 ರೂ. ಮೊತ್ತ ಎಷ್ಟು? 100ಕ್ಕೆ 5ರಂತೆ ತೆರಿಗೆ ಸೇರಿಸಿದರೆ ಒಟ್ಟು ಎಷ್ಟು?

ಇ. ಮಾಡಿ ನೋಡಿ.
ನಿಮ್ಮ ಬಡಾವಣೆಯ ಮೂರು ಹೋಟೆಲುಗಳ ಬೋರ್ಡು ಓದಿ, ಹೆಸರು ಬರೆದುಕೊಂಡು ಬನ್ನಿ. ಅಜ್ಜಿಯನ್ನು ಕರೆದುಕೊಂಡು ಹೋಗೋಕೆ ಯಾವುದು ಒಳ್ಳೇದು? ಯಾಕೆ? ಎಲ್ಲರೂ ಸೇರಿ ಮಾತಾಡಿ.