ಸೆನ್ಸರಾ, ಸ್ವಿಚ್ಚಾ?

ಹಳೇ ಕಾರಿನ ಫ್ಯಾನ್ ತಿರುಗ್ತಿಲ್ಲ ಅಂತ ನಾವು ಮೊದಲು ಬದಲಿಸಿದ್ದು ಡ್ಯಾಶ್‌ಬೋರ್ಡ್ ಮುಳ್ಳಿನ ಸೆನ್ಸರನ್ನ! ದುಡ್ಡು ಹೋಯ್ತು, ಫ್ಯಾನ್ ಅಲ್ಲಾಡ್ಲಿಲ್ಲ. ಇಂಜಿನ್ ಓವರ್‌ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ ಹೋಗೋ ಮುಂಚೆ ಗುರುತಿಸೋದು ಕಲಿತ್ವಿ.

ಒಂದೇ ವೈರ್ ಇದ್ದರೆ ಸಾಮಾನ್ಯವಾಗಿ ಅದು ಮುಳ್ಳಿನದು. ಅರ್ತ್ ಇಂಜಿನ್‌ನಿಂದಲೇ ಸಿಗುತ್ತೆ. ಎರಡು ವೈರ್ ಇದ್ದು ಇಂಜಿನ್ ಮೇಲಿದ್ದರೆ ಹೆಚ್ಚಾಗಿ ಇಸಿಯು ಸೆನ್ಸರ್. ರೇಡಿಯೇಟರ್‌ನಲ್ಲಿದ್ದರೆ ಫ್ಯಾನ್ ಸ್ವಿಚ್.

ಆದರೆ ವೈರ್ ಎಣಿಸಿದರೆ ಸಾಲದು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ, ತುದಿಯನ್ನ ನೀರಲ್ಲಿ ಅದ್ದಿ ಕಾಯಿಸುತ್ತಾ ಮಲ್ಟಿಮೀಟರ್ ಹಿಡೀಬೇಕು. ಸೆನ್ಸರ್‌ನ ರೆಸಿಸ್ಟೆನ್ಸ್ ಮೆಲ್ಲಗೆ ಇಳಿಯುತ್ತೆ: ಬಾಷ್‌ನ ಸಾಮಾನ್ಯ ಇಸಿಯು ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80ರಲ್ಲಿ 320ರ ಆಸುಪಾಸು. ಸ್ವಿಚ್‌ಗೆ ಮಧ್ಯದ ದಾರಿಯಿಲ್ಲ: ತಣ್ಣಗಿದ್ದಾಗ ಓಪನ್, ಹಲವು ಕಾರುಗಳಲ್ಲಿ 92–95 ಡಿಗ್ರಿಗೆ ಟಕ್ ಅಂತ ಸೊನ್ನೆ. ಅಂಗಡಿಗೆ ಹೋಗೋ ಮುಂಚೆ ಅಳೆಯೋಣ.